ಮೇಲಿನ ಮನೆಯ ತಿಂಗಳಮ್ಮ

ಅಕ್ಕನ ಬಾಣಂತನಕ್ಕೆ ನನ್ನನ್ನು ಮಸ್ಕತ್ತಿಗೆ ಕಳಿಸಿದ್ದು ನಮ್ಮ ಮನೆಯವರು ನನ್ನ ವಿಷಯದಲ್ಲಿ ಮಾಡಿದ ಎರಡನೆಯ ದೊಡ್ಡ ತಪ್ಪು. ಮೊದಲನೆಯದು ನನ್ನನ್ನು ಉಡುಪಿಯಲ್ಲಿ ಟೈಪಿಂಗ್ ಕ್ಲಾಸಿಗೆ ಸೇರಿಸಿದ್ದು. ಲೋವರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಕೂರುವ ಮೊದಲು ಮಿಷನ್ನಿನ ಒಂದು ಅಕ್ಷರದ ಕಡ್ಡಿಯನ್ನೇ ಮುರಿದು ಮನೆಗೆ ಬಂದವಳು ನಾನು. ಒಂದು ಕಡೆ ಕೂತಿರುವುದು ನನಗೆ ಹುಟ್ಟಿನಿಂದಲೇ ಆಗದ ಕೆಲಸ. ಊಟಕ್ಕೆ ಕೂತರೂ ಇವಳ ಒಂದು ಕಾಲು ನಿಂತೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಅಂಥವಳಿಗೆ ಇಪ್ಪತ್ತು ವರ್ಷ ತುಂಬಿದ ಕೂಡಲೇ ಒಂದು ಬಾಣಂತಿ, ಒಂದು ಹಸುಗೂಸು, ಮೂರು ಸ್ಟೀಲ್ ಡಬ್ಬಿ ಲೇಹ್ಯ ಒಪ್ಪಿಸಿ ಸಮುದ್ರ ದಾಟಿಸಿದರು.

ಹೋಗಬೇಕಾದವರು ಅಮ್ಮ. ಅವರ ಪಾಸ್‌ಪೋರ್ಟ್ ಆಗಿತ್ತು, ಸೀರೆಗೆ ಫಾಲ್ಸ್ ಹೊಲಿಸಿ ಆಗಿತ್ತು. ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಮ್ಮ ಅಜ್ಜಿಯನ್ನು ಬಿಡುವ ಹಾಗಿಲ್ಲ, ಅಕ್ಕ ಮಸ್ಕತ್ತಿನ ಕೆಲಸ ಬಿಟ್ಟು ಊರಿಗೆ ಬರುವ ಹಾಗಿಲ್ಲ. ಉಳಿದದ್ದು ಯಾರಿಗೂ ಬೇಡವಾದ ನಾನು. ಭಾವ ಮೂರು ತಿಂಗಳ ವಿಸಿಟ್ ವೀಸಾ ಕಳಿಸಿದರು.

ನನಗೆ ಒಪ್ಪಿಸಿದ್ದು ಎರಡು ಕೆಲಸ. ಒಂದು, ನಲವತ್ತು ದಿನ ಅಕ್ಕನ ಬಾಣಂತನ. ಎರಡನೆಯದು ಅದು ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಊರಿಗೆ ಬರುವುದು. ಅಕ್ಕ ಮಸ್ಕತ್ತಿನ ರೂವಿ ಎಂಬ ಪೇಟೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಾನು ಮುರಿದ ವಿದ್ಯೆಯಲ್ಲಿ ಅವಳು ಹೈಯರ್ ಪಾಸು. ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ನೋಡುವವರು ಅಲ್ಲಿ ಯಾರೂ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಗಲ್ಫ್ ಮನೆಗಳಲ್ಲಿ ಆಗ ಹೀಗೆ ಮಾಡುವುದಿತ್ತು. ಮಗು ಹುಟ್ಟುವುದು ಅಲ್ಲಿ, ಬೆಳೆಯುವುದು ಇಲ್ಲಿ ಅಜ್ಜಿಯ ಹತ್ತಿರ, ಅಪ್ಪ ಅಮ್ಮ ಎರಡು ವರ್ಷಕ್ಕೊಮ್ಮೆ ಬಂದು ಬೊಂಬೆ ಕೊಟ್ಟು ಹೋಗುವುದು. ಇದೆಲ್ಲ ಮಗು ಹುಟ್ಟುವ ಮೊದಲೇ ಪತ್ರದಲ್ಲಿ, ಫೋನಿನಲ್ಲಿ ತೀರ್ಮಾನ ಆಗಿತ್ತು. ಅಕ್ಕ ಏನು ಹೇಳಿದಳು ಎಂದು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೋ ಇಲ್ಲವೋ ಎಂಬುದು ನನ್ನ ಆಗಿನ ಚಿಂತೆ.

ಮಸ್ಕತ್ತಿನ ಸೀಬ್ ಏರ್‌ಪೋರ್ಟಿನಲ್ಲಿ ಲೇಹ್ಯದ ಡಬ್ಬಿ ತೆರೆಸಿದರು. ಕಪ್ಪಗೆ, ಡಾಂಬರಿನ ಹಾಗೆ ಇತ್ತು. ಇದೆಂತದ್ದು ಎಂದು ಕಸ್ಟಮ್ಸಿನವನು ಕೇಳಿದ. ನನ್ನ ಇಂಗ್ಲಿಷ್ ಅಲ್ಲಿಗೇ ಖಲಾಸ್. ಇದು ತಿನ್ನುವ ವಸ್ತು ಎಂದು ತೋರಿಸಲು ಒಂದು ನಿಂಬೆಗಾತ್ರದ ಉಂಡೆ ತೆಗೆದು ನಾನೇ ಬಾಯಿಗೆ ಹಾಕಿಕೊಂಡೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಕೈಬೀಸಿ ಹೋಗು ಅಂದ. ಹೆತ್ತವರ ಮೈಗೆ ಕಾವು ಕೊಡಲು ಮಾಡಿದ ಮದ್ದು ಅದು. ಹೆರದವಳ ಮೈಗೂ ಯಥೇಚ್ಛ ಕೊಟ್ಟಿತು. ಮಸ್ಕತ್ತಿನ ಮೊದಲ ಎರಡು ದಿನ ನಾನು ನೋಡಿದ್ದು ಅಕ್ಕನ ಮನೆಯ ಪಾಯಿಖಾನೆಯ ಹಳದಿ ಟೈಲ್ಸ್ ಮಾತ್ರ. ತುಂಬು ಗರ್ಭಿಣಿ ಅಕ್ಕನೇ ನನಗೆ ಗಂಜಿ ಮಾಡಿ ಕೊಟ್ಟಳು.

"ನೀನು ನನ್ನನ್ನು ನೋಡ್ಲಿಕ್ಕೆ ಬಂದದ್ದಾ, ನಾನು ನಿನ್ನನ್ನು ನೋಡ್ಲಿಕ್ಕೆ ಇರುವುದಾ?" ಎಂದು ಬಾಗಿಲ ಹೊರಗಿನಿಂದ ಕೇಳಿದಳು.

ಅವರದ್ದು ರೂವಿಯಲ್ಲಿ ಮೂರನೆಯ ಮಹಡಿಯ ಮನೆ. ಭಾವನಿಗೆ ಘಾಲಾದಲ್ಲಿ ಲಾರಿ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹೊರಗೆ ಜೂನ್ ತಿಂಗಳ ಬಿಸಿಲು, ಒಳಗೆ ಎ.ಸಿ.ಯ ಗರಗರ. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಹೆಜ್ಜೆ. ದಿನಕ್ಕೆ ಎಷ್ಟು ಸಲ ಅಳೆದೆನೋ, ಕೆಳಗಿನ ಮನೆಯವರು ಮೇಲೆ ಏನಾದರೂ ಮಿಲ್ಲು ಹಾಕಿದ್ದೀರಾ ಎಂದು ಕೇಳಲಿಲ್ಲ ಎಂಬುದೇ ಆಶ್ಚರ್ಯ.

ಮಗು ಹುಟ್ಟಿತು. ಹೆಣ್ಣು. ಮೂರನೆಯ ದಿನ ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಳು. ನಾನು ಅಮ್ಮ ಬರೆದುಕೊಟ್ಟ ಎರಡು ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ತಲೆಗೆ ಬಟ್ಟೆ ಕಟ್ಟಬೇಕು, ಹೊಟ್ಟೆಗೆ ಹಳೆ ಸೀರೆ ಬಿಗಿಯಬೇಕು, ತಣ್ಣೀರು ಮುಟ್ಟಬಾರದು, ಗಾಳಿ ತಾಗಬಾರದು, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದಿದ್ದರು: ಬಾಣಂತಿ ಒಂದು ಕಡ್ಡಿಯನ್ನೂ ಎತ್ತಬಾರದು. ಸ್ನಾನದ ನೀರು ಹಬೆ ಏಳುವಷ್ಟು ಬಿಸಿ ಇರಬೇಕು.

ಆ ಸ್ನಾನದ ಕಥೆ ಹೇಳಲೇಬೇಕು.

ಬಚ್ಚಲಲ್ಲಿ ಎರಡು ನಲ್ಲಿ. ಕೆಂಪು ಗುರುತಿನದ್ದು ಬಿಸಿ, ನೀಲಿಯದ್ದು ತಣ್ಣಗೆ. ಇಷ್ಟು ನನಗೂ ಗೊತ್ತು. ಮಧ್ಯಾಹ್ನ ಹನ್ನೆರಡು ಗಂಟೆಗೆ ಕೆಂಪು ನಲ್ಲಿ ಬಿಟ್ಟು ಬಕೇಟು ತುಂಬಿಸಿದೆ. ಕೈ ಹಾಕಿದರೆ ತಂಪು. ಗೀಸರು ಕೆಟ್ಟಿದೆ ಅಂದುಕೊಂಡೆ. ಆ ನೀರು ಚೆಲ್ಲಿ, ಅಡುಗೆಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ತಂದು ಬಕೇಟಿಗೆ ಸುರಿದೆ. ತುಂಬಾ ಬಿಸಿಯಾಯಿತಲ್ಲ, ಹದ ಮಾಡುವ ಎಂದು ನೀಲಿ ನಲ್ಲಿಯ ನೀರು ಅರ್ಧ ಬಕೇಟು ಬೆರೆಸಿದೆ. ಬೆರೆಸಿದ್ದು ತಣ್ಣೀರು ಎಂಬ ಧೈರ್ಯದಲ್ಲಿ ಕೈ ಹಾಕಿ ನೋಡಲಿಲ್ಲ. ಸ್ಟೂಲಿನ ಮೇಲೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಅಕ್ಕನ ಬೆನ್ನಿಗೆ ಒಂದು ಚೊಂಬು ಹೊಯ್ದೆ.

ಅವಳು ಕಿರುಚಲಿಲ್ಲ. ಒಂದು ಸಲ ಉಸಿರು ಒಳಗೆ ಎಳೆದುಕೊಂಡು, ಎದ್ದು ನಿಂತು, ನನ್ನ ಕೈಯಿಂದ ಚೊಂಬು ಕಿತ್ತು ಕಿಟಕಿಯ ಮೇಲೆ ಇಟ್ಟಳು. ಅದು ಕಿರುಚಿದ್ದಕ್ಕಿಂತ ಹೆದರಿಕೆಯಾಯಿತು.

ಗಲ್ಫಿನಲ್ಲಿ ಬೇಸಿಗೆಯಲ್ಲಿ ಗೀಸರ್ ಆಫ್ ಮಾಡಿಡುತ್ತಾರೆ. ತಾರಸಿಯ ಟ್ಯಾಂಕಿನಿಂದ ನೇರ ಬರುವ ನೀಲಿ ನಲ್ಲಿಯ ನೀರು ಬಿಸಿಲಿಗೆ ಕುದಿಯುವ ಹಾಗಿರುತ್ತದೆ, ಗೀಸರಿನ ಒಳಗೆ ನೆರಳಲ್ಲಿ ನಿಂತ ನೀರೇ ತಂಪು. ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದ ನನಗೆ ಯಾರೂ ಹೇಳಿರಲಿಲ್ಲ. ನಾನು ಸ್ನಾನ ಮಾಡುತ್ತಿದ್ದದ್ದು ಬೆಳಗಿನ ಜಾವ, ಆಗ ಎರಡೂ ನಲ್ಲಿಯ ನೀರು ಒಂದೇ ಹಾಗಿರುತ್ತಿತ್ತು. ನಾನು ಕುದಿಯುವ ನೀರಿಗೆ ಕುದಿಯುವ ನೀರು ಬೆರೆಸಿ ಹದ ಮಾಡಿದ್ದೆ.

ಬೆನ್ನಲ್ಲಿ ಅಂಗೈ ಅಗಲ ಕೆಂಪಾಗಿ ಎರಡು ಗುಳ್ಳೆ ಎದ್ದವು. ಸಂಜೆ ಭಾವ ಬಂದು ನೋಡಿದರು. ಆಮೇಲೆ, "ಮಾರಾಯ್ತಿ, ನಿನ್ನನ್ನು ಬಾಣಂತನಕ್ಕೆ ಕಳಿಸಿದ್ದಾ, ಕೋಳಿ ಸುಲಿಯಲಿಕ್ಕೆ ಕಳಿಸಿದ್ದಾ?" ಅಂದರು. ಅದರ ಮರುದಿನದಿಂದ ಅಕ್ಕ ತಾನೇ ಬಾಗಿಲು ಹಾಕಿ ಸ್ನಾನ ಮಾಡಿಕೊಂಡಳು.

ನನಗೆ ನಿಂತಲ್ಲಿ ನಿಲ್ಲಲಾಗದಷ್ಟು ನಾಚಿಕೆ. ಬೆನ್ನು ಸುಟ್ಟ ಪಾಪವನ್ನು ಬೇರೆ ಏನಾದರೂ ಮಾಡಿ ತೀರಿಸಬೇಕಿತ್ತು. ಹಾಗಾಗಿ ಸ್ನಾನ ಒಂದು ಬಿಟ್ಟು ಮನೆಯ ಅಷ್ಟೂ ಕೆಲಸಗಳ ಮೇಲೆ ದಾಳಿ ಮಾಡಿದೆ. ಅಡುಗೆ, ಬಟ್ಟೆ, ನೆಲ, ಎಲ್ಲಕ್ಕಿಂತ ಹೆಚ್ಚು ಮಗು. ಅಕ್ಕ ಹಾಲು ಕೊಟ್ಟು ಮುಗಿಸುವಷ್ಟರಲ್ಲಿ ನಾನು ಬಾಗಿಲಲ್ಲಿ ಎರಡು ಕೈ ಚಾಚಿ ನಿಂತಿರುತ್ತಿದ್ದೆ, ಬಸ್ಸಿನಿಂದ ಲಗೇಜು ಇಳಿಸಿಕೊಳ್ಳುವವರ ಹಾಗೆ. ತೇಗಿಸುವುದು ನಾನು, ಒರೆಸುವುದು ನಾನು, ಹನ್ನೊಂದು ಹೆಜ್ಜೆ ನಡೆದು ಮಲಗಿಸುವುದು ನಾನು. ನನ್ನ ಚಡಪಡಿಕೆಗೆ ಆ ಮಗು ಹೇಳಿ ಮಾಡಿಸಿದ ಹಾಗಿತ್ತು. ನಾನು ನಿಂತರೆ ಅದು ಅಳುತ್ತಿತ್ತು, ನಾನು ನಡೆದರೆ ಮಲಗುತ್ತಿತ್ತು. ಲೋಕದಲ್ಲಿ ಮೊದಲ ಬಾರಿಗೆ ಒಬ್ಬರಿಗೆ ನನ್ನ ಕಾಲಿನ ಗುಣ ಹಿಡಿಸಿತ್ತು.

ಭಾವ ಅದನ್ನು ನೋಡಿ ಸಂತೋಷಪಟ್ಟರು. "ಒಳ್ಳೆದಾಯ್ತು. ಈಗಿಂದಲೇ ನಿನ್ನ ಕೈಗೆ ಅಭ್ಯಾಸ ಆಗ್ಲಿ. ವಿಮಾನದಲ್ಲಿ ರಗಳೆ ಇರ್ಲಿಕ್ಕಿಲ್ಲ" ಅಂದರು. ಒಂದು ಡಬ್ಬಿ ಹಾಲಿನ ಪುಡಿ, ಎರಡು ಬಾಟಲಿ ತಂದಿಟ್ಟರು. ನನಗೆ ಹೆಮ್ಮೆಯೋ ಹೆಮ್ಮೆ. ಅಮ್ಮನಿಗೆ ಪತ್ರ ಬರೆದೆ: ಮಗು ನನ್ನನ್ನು ಬಿಟ್ಟು ಇರುವುದೇ ಇಲ್ಲ.

ಆದರೆ ಅಕ್ಕನಿಗೆ ಹುಷಾರಾಗುತ್ತಿರಲಿಲ್ಲ. ಜ್ವರ ಇಲ್ಲ, ನೋವು ಇಲ್ಲ. ಮತ್ರಾ ಬಂದರಿನ ಮೀನು ಮಾರುಕಟ್ಟೆಯಿಂದ ಭಾವ ತಂದ ಸಣ್ಣ ತಾಟೆ ಮೀನನ್ನು, ಹಾಲು ಹೆಚ್ಚುತ್ತದೆಂದು ನಮ್ಮಲ್ಲಿ ಬಾಣಂತಿಗೆ ಕೊಡುವುದು ಅದನ್ನೇ, ಮೆಣಸು ಅರೆದು ಸಾರು ಮಾಡಿ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ದೂಡುತ್ತಿದ್ದಳು. ಹಾಲು ಕಡಿಮೆಯಾಗುತ್ತಾ ಬಂತು. ಗಡಿಯಾರ ನೋಡಿ ಮಗುವಿಗೆ ಮೊಲೆ ಕೊಡುವಳು, ಗಡಿಯಾರ ನೋಡಿ ತೆಗೆಯುವಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗುವಳು. ನನ್ನ ಅಡುಗೆಯದ್ದೇ ದೋಷ ಎಂದು ನಾನು ದಿನಾ ಒಂದೊಂದು ಮಸಾಲೆ ಬದಲಿಸುತ್ತಿದ್ದೆ. ಕ್ಲಿನಿಕ್ಕಿನಲ್ಲಿ ಮಗುವಿನ ತೂಕ ನೋಡಿದ ಡಾಕ್ಟರಮ್ಮ, "ತಾಯಿಯ ಹಾಲು ಸಾಲ್ತಾ ಇಲ್ಲ" ಅಂದರು. ಭಾವ, "ಡಬ್ಬಿ ಉಂಟಲ್ಲ" ಅಂದರು. ಅಕ್ಕ ಗೋಡೆಯ ಗಡಿಯಾರ ನೋಡಿದಳು.

ತಿಂಗಳಮ್ಮನನ್ನು ನಾನು ನೋಡಿದ್ದು ತಾರಸಿಯಲ್ಲಿ. ಬೆಳಿಗ್ಗೆ ಏಳು ಗಂಟೆಗೆ ಮಗುವಿನ ಬಟ್ಟೆ ಹರವಲು ಹೋದರೆ, ಅರವತ್ತು ದಾಟಿದ ಚೀನೀ ಹೆಂಗಸೊಬ್ಬರು ಮೊಣಕಾಲೂರಿ ಹಳೆ ಶೀಟಿನ ಮೇಲೆ ಶುಂಠಿ ಹೋಳು ಒಣಹಾಕುತ್ತಿದ್ದರು. ಒಂದು ಮನೆಗೆ ಅಲ್ಲ, ಒಂದು ಮದುವೆಗೆ ಆಗುವಷ್ಟು ಶುಂಠಿ. ನಾಲ್ಕನೆಯ ಮಹಡಿಯಲ್ಲಿ ಮಲೇಷ್ಯಾದ ಚೀನೀ ದಂಪತಿ ಇದ್ದರು, ಗಂಡ ರಸ್ತೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್. ನಮ್ಮ ಮಗು ಹುಟ್ಟಿದ ಒಂದು ವಾರಕ್ಕೆ ಅವರ ಮನೆಯಲ್ಲೂ ಹೆರಿಗೆಯಾಗಿತ್ತು. ಅವರಲ್ಲಿ ಬಾಣಂತನಕ್ಕೆ ಇಂಥ ಹೆಂಗಸರನ್ನು ಗೊತ್ತುಮಾಡುತ್ತಾರಂತೆ. ಬಂದು ಮನೆಯಲ್ಲೇ ಒಂದು ತಿಂಗಳು ಇದ್ದು, ಎಲ್ಲ ನೋಡಿಕೊಂಡು, ತಿಂಗಳಾದ ದಿನ ಹೋಗುವುದು. ತಿಂಗಳಿಗೆ ಜೊತೆಯಾಗುವವಳು ಎಂದು ಅವರ ಭಾಷೆಯಲ್ಲಿ ಹೆಸರು. ನಾನು ತಿಂಗಳಮ್ಮ ಎಂದು ಕರೆದೆ. ಮಲೇಷ್ಯಾದಿಂದ ಮಸ್ಕತ್ತಿನವರೆಗೆ ಬಂದಿದ್ದ ಆ ತಿಂಗಳಮ್ಮನ ಇಂಗ್ಲಿಷ್ ನನ್ನದಕ್ಕಿಂತಲೂ ಕಡಿಮೆ. ಹಾಗಾಗಿ ನಮಗೆ ಬಹಳ ಹೊಂದಿತು. ಇಬ್ಬರದ್ದೂ ಸೇರಿ ಐವತ್ತು ಶಬ್ದ, ಉಳಿದದ್ದು ಕೈ ಬಾಯಿ.

ನನ್ನ ಹೆಗಲ ಮೇಲೆ ಮಗು ಇತ್ತು. "ನಿನ್ನದಾ?" ಎಂದು ಕೇಳಿದರು.

"ಅಲ್ಲ. ಅಕ್ಕನದ್ದು."

"ಅಕ್ಕ ಎಲ್ಲಿ?"

"ರೆಸ್ಟು."

ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೆಯ ದಿನ ಅವರು ಪ್ರಶ್ನೆ ಕೇಳದೆ ನನ್ನ ಮುಖ ನೋಡಿ, "ರೆಸ್ಟು" ಎಂದು ತಾವೇ ಹೇಳಿ ಶುಂಠಿ ಮಗುಚಿದರು.

ಒಂದು ದಿನ ಮೇಲೆ ಕರೆದರು. ಬಾಗಿಲಲ್ಲೇ ಎಳ್ಳೆಣ್ಣೆಯಲ್ಲಿ ಶುಂಠಿ ಹುರಿದ ಘಮ. ನಮ್ಮ ಅಮ್ಮ ಇಲ್ಲೇ ಎಲ್ಲೋ ಅಡಗಿ ಕೂತಿದ್ದಾರೆ ಅನ್ನಿಸಿತು. ಆ ಮನೆಯ ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿಕೊಂಡು ಕೂತಿದ್ದಳು. ನೀರು ಬೇಡ, ಕೆಂಪು ಖರ್ಜೂರದ ಬಿಸಿ ಕಷಾಯ ಫ್ಲಾಸ್ಕಿನಿಂದ. ಗಾಳಿ ಬೇಡ. ಅಲ್ಲಿಯವರೆಗೆ ಎಲ್ಲ ಅಮ್ಮನ ಹಾಳೆಯೇ. ಬೇರೆ ಇದ್ದದ್ದು ಎರಡು. ಒಂದು, ತಿಂಗಳಿಡೀ ತಲೆಗೂ ಮೈಗೂ ನೀರು ಹೊಯ್ಯುವ ಹಾಗಿಲ್ಲ. ನಾನು ಅಲ್ಲಿ ಹುಟ್ಟಬೇಕಿತ್ತು, ಯಾರ ಬೆನ್ನೂ ಸುಡುತ್ತಿರಲಿಲ್ಲ. ಇನ್ನೊಂದು, ಮಗು ಅವಳ ಮಡಿಲಲ್ಲೇ ಇತ್ತು. ನಾನಿದ್ದ ಒಂದು ಗಂಟೆಯಲ್ಲಿ ಅದು ಮೂರು ಸಲ ಅತ್ತಿತು. ತಿಂಗಳಮ್ಮ ಒಂದು ಸಲವೂ ಒಲೆ ಬಿಟ್ಟು ಬರಲಿಲ್ಲ. ಬಾಣಂತಿಯೇ ಗಾಬರಿಯಾಗಿ, ಹಾಗೆ ಹಿಡಿದು, ಹೀಗೆ ಹಿಡಿದು, ಹೇಗೋ ಸುಮ್ಮನಾಗಿಸುತ್ತಿದ್ದಳು.

ನಾನು ಸುಮ್ಮನಿರಬಾರದಾ. "ನಮ್ಮಲ್ಲಿ ಬಾಣಂತಿ ಬೆರಳೂ ಎತ್ತುವುದಿಲ್ಲ" ಎಂದು ಜಂಬ ಕೊಚ್ಚಿದೆ, ಬೆರಳು ಎತ್ತಿ ತೋರಿಸಿ.

ತಿಂಗಳಮ್ಮ ನನ್ನ ಬೆರಳನ್ನು ಹಿಡಿದು ಕೆಳಗೆ ಇಳಿಸಿದರು. "ಬೆರಳು ಬೇಡ. ಮಗು ಬೇಕು. ಅಡುಗೆ ನಾನು. ಬಟ್ಟೆ ನಾನು. ಗಂಡನಿಗೆ ಬೈಯುವುದು ನಾನು. ಮಗು ಅವಳು."

ಬೇರೆ ತಿಂಗಳಮ್ಮಂದಿರು ಮಗುವನ್ನೂ ತಾವೇ ಇಟ್ಟುಕೊಳ್ಳುತ್ತಾರೆ, ಇವರದ್ದು ಮಾತ್ರ ಹೀಗೆ ಎಂದು ಆ ಬಾಣಂತಿ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದಳು. "ಮೊದಲ ವಾರ ಇವರನ್ನು ಕಳಿಸಿಬಿಡುವ ಅಂತ ನಾನು ದಿನಾ ಅತ್ತಿದ್ದೇನೆ" ಅಂದಳು. ತಿಂಗಳಮ್ಮನಿಗೆ ಅದು ಅರ್ಥವಾಗಿರಬೇಕು. ಸೌಟು ತಟ್ಟಿದರು.

ಮಾರನೆಯ ದಿನ ಹತ್ತು ಗಂಟೆಗೆ ಅವರು ನಮ್ಮ ಮನೆಗೇ ಬಂದರು. ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ಶುಂಠಿಯ ಚೀಲ. ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತಿಂಗಳಮ್ಮ ಪಕ್ಕದಲ್ಲಿ ಕೂತು ಮೊದಲು ಬೆನ್ನು ನೋಡಿದರು, ಗುಳ್ಳೆ ಒಣಗಿ ಕಪ್ಪಾಗಿತ್ತು. ನನ್ನ ಕಡೆ ತಿರುಗಿದರು. ನಾನು ನಲ್ಲಿ, ಪಾತ್ರೆ, ಚೊಂಬು ಎಲ್ಲವನ್ನೂ ಕೈಯಲ್ಲೇ ಅಭಿನಯಿಸಿ ತೋರಿಸಿದೆ. ಅವರು ನಗಲಿಲ್ಲ. ನಕ್ಕದ್ದು ಅಕ್ಕ. ಮಲಗಿದಲ್ಲೇ, ಬೆನ್ನು ಅಲುಗಿಸಿ. ಮಗು ಹುಟ್ಟಿದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ತಿಂಗಳಮ್ಮ ಎದ್ದು, ನನ್ನ ಹೆಗಲಿನಿಂದ ಮಗುವನ್ನು ಬಿಡಿಸಿಕೊಂಡರು. ಅಕ್ಕನ ಕೈಗೆ ಕೊಡಲಿಲ್ಲ. ಹಾಸಿಗೆಯ ಮೇಲೆ, ಅವಳ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ಮಲಗಿಸಿದರು. ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತರು. ನನ್ನ ಕೈಗೆ ಒಂದು ಚಮಚ ಕೊಟ್ಟು, ಶುಂಠಿಯ ಸಿಪ್ಪೆ ಕೆರೆ ಎಂದು ತೋರಿಸಿದರು.

ಮಗು ಅಳಲು ಶುರುಮಾಡಿತು.

"ಅಳ್ತಾ ಉಂಟು" ಅಂದೆ.

"ಕೆರೆ" ಎಂದು ಸನ್ನೆ.

ಅಳು ಜೋರಾಯಿತು. ನನಗೆ ಆ ಅಳುವಿನ ಎಲ್ಲ ಮೆಟ್ಟಿಲೂ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಉಸಿರು ಕಟ್ಟುತ್ತದೆ, ಮುಖ ನೇರಳೆ ಹಣ್ಣಿನ ಹಾಗಾಗುತ್ತದೆ. ನಾನು ಎದ್ದೆ, ಅವರು ಕಾಲು ಅಡ್ಡ ಇಟ್ಟರು. ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ನಾಲ್ಕೇ ಹೆಜ್ಜೆ, ಅದನ್ನೇ ಅಳೆದೆ. ಚಮಚದಲ್ಲಿ ಶುಂಠಿ ಕೆರೆಯುತ್ತಾ ಹೆಬ್ಬೆರಳನ್ನೂ ಕೆರೆದುಕೊಂಡೆ. ಒಳಗೆ ಅಕ್ಕ ನನ್ನನ್ನು ಕರೆದಳು. ಇನ್ನೊಂದು ಸಲ ಕರೆದಳು, ಸಿಟ್ಟಿನಲ್ಲಿ. "ಎಲ್ಲಿ ಸತ್ತಿ ನೀನು, ಇಲ್ಲಿ ಮಗು ಅಳುವುದು ಕೇಳ್ತದಾ ಇಲ್ವಾ?" ನಾನು ಬಾಯಿ ತೆರೆಯುವ ಮೊದಲೇ ತಿಂಗಳಮ್ಮ ಒಂದು ಶುಂಠಿ ಹೋಳು ಎತ್ತಿ ಹಿಡಿದರು, ಮಾತಾಡಿದರೆ ಬಾಯಿಗೆ ತುರುಕುತ್ತೇನೆ ಎಂಬಂತೆ.

ಮೂರನೆಯ ಸಲ ಅಕ್ಕ ಕರೆದದ್ದು ನನ್ನನ್ನಲ್ಲ. ಏನೋ ಗೊಣಗಿದಳು, ಮಗುವಿಗೆ. ಅಳು ತುಂಡು ತುಂಡಾಯಿತು. ಮತ್ತೆ ಅಕ್ಕನ ದನಿ, ಊರಿನ ತುಳುವಿನಲ್ಲಿ, ಅಮ್ಮ ನಮಗೆ ಹೇಳುತ್ತಿದ್ದ ಹಾಗೆಯೇ ಏನೇನೋ ಅರ್ಥವಿಲ್ಲದ್ದು. ಆಮೇಲೆ ಎ.ಸಿ.ಯ ಗರಗರ ಮಾತ್ರ.

ತಿಂಗಳಮ್ಮ ಸ್ಟೂಲಿನಿಂದ ಏಳಲಿಲ್ಲ. ನಾನು ಅಷ್ಟೂ ಶುಂಠಿ ಮುಗಿಸಿದ ಮೇಲೆ ಬಾಗಿಲು ಬಿಟ್ಟು, ಫ್ಲಾಸ್ಕನ್ನು ಅಲ್ಲೇ ಬಿಟ್ಟು, ಹೇಳದೆ ಹೋದರು.

ನಾನು ಒಳಗೆ ಇಣುಕಿದೆ. ಮಗು ಅಕ್ಕನ ಎದೆಯ ಮೇಲೆ ಇತ್ತು. ಅವಳು ಗಡಿಯಾರ ನೋಡುತ್ತಿರಲಿಲ್ಲ. ನಾನು ರೂಢಿಯಂತೆ ಎರಡು ಕೈ ಚಾಚಿ ಬಾಗಿಲಲ್ಲಿ ನಿಂತೆ.

"ಕೊಡು ಅಕ್ಕ, ತೇಗಿಸ್ತೇನೆ."

"ಇರ್ಲಿ."

"ನಿನಗೆ ಸುಸ್ತಾಗ್ತದೆ."

"ನಿನಗೆ ಎಂತ ಅಂತ ಗೊತ್ತುಂಟಾ?" ಅಕ್ಕ ನನ್ನನ್ನು ನೋಡದೆ ಹೇಳಿದಳು. "ನಾನು ಪ್ರಾಕ್ಟೀಸ್ ಮಾಡ್ತಾ ಇದ್ದದ್ದು. ಇದು ಇಲ್ಲದೆ ಇರ್ಲಿಕ್ಕೆ. ಈಗ್ಲೇ ಅಭ್ಯಾಸ ಆದ್ರೆ ಆ ದಿನ ಸುಲಭ ಆಗ್ತದೆ ಅಂತ."

ನಾನು ಚಾಚಿದ್ದ ಕೈ ಇಳಿಸಿದೆ. ಭಾವ ನನ್ನ ಕೈಗೆ ಅಭ್ಯಾಸವಾಗಲಿ ಅಂದಾಗ ನಾನು ಹಿಗ್ಗಿ ಬರೆದ ಪತ್ರ ಅಷ್ಟು ಹೊತ್ತಿಗೆ ಊರಿಗೆ ತಲುಪಿತ್ತು. ಮಗು ಇಲ್ಲದೆ ಇರಲು ಅಕ್ಕ ಕಲಿಯುತ್ತಿದ್ದದ್ದಕ್ಕೆ ನಾನೇ ಮೇಷ್ಟ್ರು, ದಿನಕ್ಕೆ ಎಂಟು ಕ್ಲಾಸು.

ಅಲ್ಲಿಂದ ಮುಂದೆ ನನಗೆ ಕಷ್ಟ ಶುರುವಾಯಿತು. ಮಗುವನ್ನು ಎತ್ತದೆ ಇರುವುದು ಟೈಪಿಂಗ್ ಲೋವರಿಗಿಂತ ಕಷ್ಟ. ಅದು ಅತ್ತರೆ ನಾನು ಅಡುಗೆಮನೆಗೆ ಓಡಿ ಏನಾದರೂ ಕೆರೆಯುತ್ತಿದ್ದೆ. ಮನೆಯಲ್ಲಿ ಸಿಪ್ಪೆ ಇರುವ ತರಕಾರಿ ಒಂದೂ ಉಳಿಯಲಿಲ್ಲ. ಒಗೆದ ಬಟ್ಟೆಯನ್ನೇ ಎರಡೆರಡು ಸಲ ಒಗೆದೆ. ಅಕ್ಕ ಮೊದಮೊದಲು ಮಗುವನ್ನು ಕನ್ನಡಿಯ ಹಾಗೆ ಹಿಡಿಯುತ್ತಿದ್ದಳು, ಎಲ್ಲಿ ಒಡೆದೀತೋ ಎಂದು. ನಾಲ್ಕೈದು ದಿನದಲ್ಲಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅನ್ನದ ತಟ್ಟೆ. ಹೌದು, ಊಟ ಮಾಡಿದಳು. ನನ್ನ ಅದೇ ಮಸಾಲೆಯ ಅದೇ ಸಾರು. ಮುಂದಿನ ಸಲ ಕ್ಲಿನಿಕ್ಕಿನ ತಕ್ಕಡಿಯಲ್ಲಿ ಡಾಕ್ಟರಮ್ಮ ಎರಡು ಸಲ ನೋಡಿದರು. ಡಬ್ಬಿಯ ಹಾಲಿನ ಪುಡಿ ಗಟ್ಟಿಯಾಗುತ್ತಾ ಕಪಾಟಿನಲ್ಲಿ ಕೂತಿತು.

ಮೇಲಿನ ಮನೆಯಲ್ಲಿ ತಿಂಗಳು ಮುಗಿಯಿತು. ತಿಂಗಳಮ್ಮ ಸಣ್ಣ ಪೆಟ್ಟಿಗೆ ಹಿಡಿದು ಇಳಿದು ಹೋಗುವಾಗ ನಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತರು. ನನ್ನ ಹೆಗಲು ನೋಡಿದರು, ಖಾಲಿ ಇತ್ತು. ತಲೆ ಆಡಿಸಿ ಹೋದರು.

ಆದರೆ ಊರಿಗೆ ಹೋಗುವ ಮಾತು ಹಾಗೇ ಇತ್ತು. ಅದನ್ನು ಯಾರೂ ಎತ್ತಲಿಲ್ಲ, ಯಾರೂ ಇಳಿಸಲಿಲ್ಲ. ಭಾವ ಕೆಟ್ಟವರಲ್ಲ. ಸಂಜೆ ಬಂದ ಕೂಡಲೇ ಕೈ ಎರಡು ಸಲ ತೊಳೆದು ಮಗುವಿನ ಪಾದ ಮುಟ್ಟಿ ನೋಡುತ್ತಿದ್ದರು. ಆದರೆ ಅವರು ಗೋದಾಮಿನ ಮನುಷ್ಯ. ಯಾವ ವಸ್ತು ಯಾವ ದಿನ ಎಲ್ಲಿಗೆ ಹೋಗಬೇಕು ಎಂದು ಬರೆದಿಟ್ಟರೆ ಆ ದಿನ ಅದು ಹೋಗಲೇಬೇಕು. ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಒಂದು ಬುಧವಾರ ಹೇಳಿದರು, "ನಾಳೆ ರಜೆ ಉಂಟು, ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಸಿ ಬರುವ. ಮತ್ತೆ ಟೈಮ್ ಸಿಗುವುದಿಲ್ಲ."

ಅಕ್ಕ ಮಗುವಿಗೆ ಹೊಸ ಫ್ರಾಕು ಹಾಕಿದಳು. ನಾನು ಅವಳ ಮುಖ ನೋಡಿದೆ. ಏನೂ ಕಾಣಲಿಲ್ಲ. ಟೈಪಿಸ್ಟರ ಮುಖ ಹಾಗೇ ಇರುತ್ತದೋ ಏನೋ.

ಸ್ಟುಡಿಯೋದವನು ಒಬ್ಬ ಮಲಯಾಳಿ. ಮಗು ಒಂದೇ ಇರಬೇಕು, ಹಿಂದೆ ಬಿಳಿ ಇರಬೇಕು, ಎರಡೂ ಕಣ್ಣು ತೆರೆದಿರಬೇಕು ಎಂದ. ಅದಕ್ಕೆ ಅವನದ್ದೊಂದು ಉಪಾಯ. ಯಾರಾದರೂ ತಲೆ ಮೇಲಿಂದ ಬಿಳಿ ಬೆಡ್‌ಶೀಟು ಹೊದ್ದುಕೊಂಡು ಸ್ಟೂಲಿನಲ್ಲಿ ಕೂತು, ಶೀಟಿನ ಒಳಗಿನಿಂದಲೇ ಮಗುವನ್ನು ಹಿಡಿಯುವುದು. ಫೋಟೋದಲ್ಲಿ ಹಿಡಿದವರು ಕಾಣುವುದಿಲ್ಲ.

"ಇವಳು ಹಿಡೀಲಿ," ಅಂದರು ಭಾವ, "ಮಗುವಿಗೆ ಇವಳ ಕೈ ಅಭ್ಯಾಸ ಉಂಟು."

ನಾನು ಶೀಟಿನೊಳಗೆ ಕೂತೆ. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ನನ್ನ ಕಾಲು ಎಂದಿನ ಹಾಗೆ ತನ್ನಷ್ಟಕ್ಕೆ ಅಲುಗಿತು, ಮಗು ನಿದ್ದೆಹೋಯಿತು. ಎಬ್ಬಿಸಿದರು. ಕಾಲು ಅಲುಗಿಸಬೇಡ ಎಂದು ಮೂವರೂ ಹೇಳಿದರು. ಅಲುಗಿಸಲಿಲ್ಲ, ಮೈಯೇ ಅಲುಗಿತು. ಮತ್ತೆ ನಿದ್ದೆ. ಭಾವ ಕಾರಿನ ಕೀ ಕುಲುಕಿದರು. ಮಲಯಾಳಿ ಬೆಕ್ಕಿನ ದನಿ ಮಾಡಿದ, ಆಮೇಲೆ ನಾಯಿಯದ್ದು, ಆಮೇಲೆ ಯಾವುದೋ ಪ್ರಾಣಿಯದ್ದು, ಅದು ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಶೀಟಿನ ಒಳಗೆ ದೀಪಗಳ ಶೆಕೆಗೆ ನಾನು ಬೆಂದುಹೋಗಿದ್ದೆ. ನನಗೆ ಏನೂ ಕಾಣುತ್ತಿರಲಿಲ್ಲ. ಕೇಳುತ್ತಿತ್ತು ಮಾತ್ರ.

"ಅಮ್ಮ ಹಿಡಿಯಲಿ" ಎಂದ ಮಲಯಾಳಿ. "ಅಮ್ಮನ ಕೈಯಲ್ಲಾದ್ರೆ ನೋಡ್ತದೆ."

ನನ್ನ ತೊಡೆಯಿಂದ ಭಾರ ಹೋಯಿತು. ಅಕ್ಕನ ಬಳೆಯ ಸದ್ದು.

"ಹಾಂ, ನೋಡಿ, ಕಣ್ಣು ಬಿಟ್ಟಿತು" ಎಂದ ಮಲಯಾಳಿ. "ಮೇಡಂ, ಈಗ ನೀವು ಬೇಗ ಶೀಟಿನ ಒಳಗೆ ಕೂತುಕೊಳ್ಳಿ."

ಅಕ್ಕ ಬರಲಿಲ್ಲ.

"ಮೇಡಂ?"

"ನನ್ನ ಮೇಲೆ ಶೀಟು ಹಾಕ್ಬೇಡಿ" ಅಂದಳು ಅಕ್ಕ.

"ಫೋಟೋದಲ್ಲಿ ನೀವು ಕಾಣ್ಬಾರ್ದಲ್ಲ ಮೇಡಂ."

"ಗೊತ್ತುಂಟು. ಫೋಟೋ ಬೇಡ."

ನಾನು ಶೀಟು ಸರಿಸಿ ಒಂದು ಕಣ್ಣು ಹೊರಗೆ ಹಾಕಿದೆ. ಅಕ್ಕ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಭಾವ ಕೀ ಕುಲುಕುತ್ತಲೇ ಇದ್ದರು, ಯಾರಿಗೆ ಎಂದು ಅವರಿಗೂ ಗೊತ್ತಿರಲಿಲ್ಲ.

"ಮತ್ತೆ ನಿನ್ನ ಕೆಲಸ?" ಎಂದು ಕೇಳಿದರು.

"ಶನಿವಾರ ಆಫೀಸಿಗೆ ಹೋಗ್ತೇನಲ್ಲ. ಸಂಜೆ ವಾಪಸು ಬರ್ತೇನೆ. ಆಗ ಮಗು ಮನೆಯಲ್ಲಿರ್ಬೇಕು."

ಕಾರಿನಲ್ಲಿ ಅಕ್ಕ ಹಿಂದೆ ಮಗುವಿನ ಜೊತೆ ಕೂತಳು. ಇಷ್ಟು ದಿನ ಆ ಜಾಗ ನ‌ನ್ನದು. ನಾನು ಮುಂದೆ ಭಾವನ ಪಕ್ಕ ಕೂತು ಕೈ ಎಲ್ಲಿಡುವುದೆಂದು ತಿಳಿಯದೆ ಸೀಟಿನ ಕೆಳಗೆ ಸಿಕ್ಕಿಸಿಕೊಂಡೆ. ವೀಸಾ ಮುಗಿದ ಮೇಲೆ ಒಬ್ಬಳೇ ಹೋಗಬೇಕು ಎಂಬುದು ಆಗ ಹೊಳೆಯಿತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ತಿರುಗಿ ಮಗುವನ್ನು ನೋಡಿದೆ. ಅದು ನನ್ನ ಕಡೆ ನೋಡಲಿಲ್ಲ.

ಭಾವ ಗಾಡಿ ಓಡಿಸಿದರು. ರೂವಿಯ ರೌಂಡ್‌ಅಬೌಟಿನಲ್ಲಿ ನಮ್ಮ ತಿರುವು ತಪ್ಪಿತು. ಒಂದು ಸುತ್ತು ಹಾಕಿದರು. ಮತ್ತೆ ತಪ್ಪಿತು. ಗೋದಾಮಿನ ಲೆಕ್ಕದಲ್ಲಿ ಇಲ್ಲದ ಮೊದಲ ವಸ್ತು ಹಿಂದಿನ ಸೀಟಿನಲ್ಲಿ ಹಾಲು ಕುಡಿಯುತ್ತಿತ್ತು.

ಮೂರನೆಯ ಸುತ್ತಿನಲ್ಲಿ ಅವರು ಕನ್ನಡಿಯಲ್ಲಿ ಅಕ್ಕನನ್ನು ನೋಡಿ ಗಂಟಲು ಸರಿಮಾಡಿಕೊಂಡರು.

"ಅಲ್ಲ, ಕೆಳಗಿನ ಮನೆಯ ನಮ್ಮೂರ ಕಡೆಯ ಬ್ಯಾರಿ ಹೆಂಗಸು ಉಂಟಲ್ಲ. ಅವರು ಎರಡು ಮಕ್ಕಳನ್ನು ಇಟ್ಕೊಂಡು ಇಡೀ ದಿನ ಮನೆಯಲ್ಲೇ ಇರುವುದು. ಅವರ ಹತ್ರ ಒಂದು ಮಾತು ಕೇಳಿದ್ರೆ ಹೇಗೆ?"

"ಕೇಳಿ ಆಗಿದೆ" ಅಂದಳು ಅಕ್ಕ.

"ಯಾವಾಗ?"

"ಸೋಮವಾರ. ಆಯ್ತು ಅಂದಿದ್ದಾರೆ. ಈ ಸಲ ಆದ್ರೂ ತಿರುಗಿಸಿ, ಮಗುವಿಗೆ ತಲೆ ತಿರುಗ್ತದೆ."

ಭಾವ ತಿರುಗಿಸಿದರು.